ನೆಲದ ಮೇಲಿನ ಗೇಟು

ಆ ಶೆಡ್ಡಿನಲ್ಲಿ ಪ್ರತಿಯೊಂದು ಗೇಟೂ ಮೊದಲು ಸಿಮೆಂಟು ನೆಲದ ಮೇಲೆ, ಸೀಮೆಸುಣ್ಣದಲ್ಲಿ, ಆಳೆತ್ತರದ ಚಿತ್ರವಾಗಿ ಹುಟ್ಟುತ್ತಿತ್ತು. ಬರೆಯುವವರು ಮಾವ. ಆ ಗೆರೆಗೆ ಸರಿಯಾಗಿ ಕಬ್ಬಿಣದ ಸರಳು ಬಗ್ಗಿಸುವವನು ಗಂಡ, ಬೆಸೆಯುವವಳು ಸೊಸೆ. ನಲವತ್ತು ವರ್ಷ ದೇವರು ಮಾವನ ಕೈಯಲ್ಲಿ ನಿಂತು ಗೆರೆ ಎಳೆಸಿದ್ದ. ಈಗ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಅವರೂ ಒಪ್ಪುತ್ತಿರಲಿಲ್ಲ, ಬೇರೆಯವರೂ ಬಾಯಿಬಿಡುತ್ತಿರಲಿಲ್ಲ.

ಹೋದ ತಿಂಗಳು ಒಂದು ಗೇಟಿನ ಎರಡು ಬಾಗಿಲು ಒಂದಕ್ಕೊಂದು ಕೂಡಿಕೊಳ್ಳಲೇ ಇಲ್ಲ. ಗಿರಾಕಿ ವಾಪಸು ತಂದು ಇಳಿಸಿದ. ಮಾವ ಅವನೆದುರಿಗೇ ನಕ್ಕರು. "ನಮ್ಮ ಸೊಸೆ ಬೆಸುಗೆ ಹಾಕುವಾಗ ಕಣ್ಣು ಎಲ್ಲಿಟ್ಟಿರ್ತಾಳೋ!" ಗಂಡ ತಲೆ ತಗ್ಗಿಸಿಕೊಂಡು ಸರಳಿನ ತುಕ್ಕು ಉಜ್ಜಿದ.

ಸೊಸೆಗೆ ಸಿಟ್ಟು ಬಂತು. ಮಾವ ಎಳೆದ ಗೆರೆಯಿಂದ ಅವಳು ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಸೀಮೆಸುಣ್ಣ ಹಿಡಿದು ಕೂತಳು.

"ಇದೇನಮ್ಮ, ಬದನೆಕಾಯಾ?" ಗೇಟಿನ ಅಲಂಕಾರಕ್ಕೆ ಅವಳು ಬರೆದ ಮೊದಲ ಸುರುಳಿಯನ್ನು ಮಾವ ಚಪ್ಪಲಿಯಲ್ಲೇ ಉಜ್ಜಿಹಾಕಿದರು. ಎರಡನೆಯ ದಿನ ಅದು ಕುಂಬಳಕಾಯಿಯಾಯಿತು. ಮೂರನೆಯ ದಿನ ಹೆಸರನ್ನೂ ಇಡಲಿಲ್ಲ, ಸುಮ್ಮನೆ ಉಜ್ಜಿದರು.

"ಬಿಟ್ಬಿಡೇ, ಅಪ್ಪನ ಹತ್ರ ಯಾಕೆ ಗುದ್ದಾಟ?" ಎಂದ ಗಂಡ.

"ಅವರ ತಪ್ಪು ನನ್ನ ತಲೆಗೆ ಕಟ್ಟಿದಾಗ ನಿಮ್ಮ ಬಾಯಿ ಎಲ್ಲಿತ್ತು?"

ಅವಳು ಬಿಡಲಿಲ್ಲ. ಹಲ್ಲು ಕಚ್ಚಿದಷ್ಟೂ ಬೆರಳು ಬಿಗಿಯುತ್ತಿತ್ತು, ಸುಣ್ಣ ಮುರಿಯುತ್ತಿತ್ತು. ಇಪ್ಪತ್ತು ದಿನದ ಮೇಲೆ ಒಂದು ಸಂಗತಿ ಹೊಳೆಯಿತು. ಮಣಿಕಟ್ಟು ಆಡಿಸಿದರೆ ಸುರುಳಿ ಅಂಗೈಯಗಲ ಹೋಗುವಷ್ಟರಲ್ಲೇ ಸೊಟ್ಟಗಾಗುತ್ತದೆ. ಮಂಡಿಯೂರಿ ಭುಜದಿಂದಲೇ ಕೈ ತಿರುಗಿಸಬೇಕು, ಗೆರೆ ಹೋಗಿ ಸೇರುವ ಜಾಗದ ಮೇಲೆ ಕಣ್ಣಿಡಬೇಕು. ಸಿಟ್ಟೇನೂ ಇಳಿಯಲಿಲ್ಲ. ಬೆರಳು ಬಿಟ್ಟು ಭುಜಕ್ಕೇರಿತು, ಅಷ್ಟೆ.

ವಾಪಸು ಬಂದ ಗೇಟಿಗೆ ಬದಲಿ ಮಾಡಿಕೊಡುವ ದಿನ ಬಂತು. ಮಾವ ಬರುವುದರೊಳಗೆ ಸೊಸೆ ಇಡೀ ಗೇಟು ಬರೆದಿದ್ದಳು. ಕೊನೆಯ ಸುರುಳಿ ಎಳೆಯುತ್ತಿದ್ದಾಗ ಚಪ್ಪಲಿಯ ಕಾಲು ಚಿತ್ರದ ಮೇಲೆ ಬಂತು. ಅವಳ ಗೆರೆ ಮಾವನ ಹೆಬ್ಬೆರಳಿಗೆ ತಾಗಿ ನಿಂತಿತು.

"ಕಾಲು ತೆಗೀರಿ, ಮಾವ."

"ಯಾರಿಗೆ ಹೇಳ್ತಿದ್ದೀಯ?"

"ನನ್ನ ಗೇಟಿನ ಮೇಲೆ ನಿಂತವರಿಗೆ. ತಪ್ಪೆಲ್ಲಿದೆ ತೋರಿಸಿ, ಆಮೇಲೆ ಉಜ್ಜಿ. ಕಾಣತ್ತಾ ನಿಮಗೆ?"

ಗಂಡನ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು. ಮಾವ ಬಗ್ಗಿದರು, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದರು. ಗೆರೆಯ ಜೊತೆಗೇ ಒಂದೊಂದು ಗೇಣು ಸರಿದು, ಬಹಳ ಹೊತ್ತಿನ ಮೇಲೆ ಎದ್ದರು.

"ಬಲಗಡೆ ಮೇಲಿಂದು ಸ್ವಲ್ಪ ಚಪ್ಪಟೆ."

"ಗೊತ್ತು."

ಮಾವ ಸುಣ್ಣಕ್ಕೆ ಕೈ ಚಾಚಿದರು. ಅವಳು ಕೊಡಲಿಲ್ಲ. ಅವರ ಕಣ್ಣೆದುರಿಗೇ ಆ ಸುರುಳಿಯನ್ನು ಅಂಗೈಯಲ್ಲಿ ಒರೆಸಿ, ಉಸಿರು ಬಿಡುತ್ತ ಒಂದೇ ಬೀಸಿಗೆ ಮತ್ತೆ ಎಳೆದಳು. ಮಾವ ಹೋಗಿ ಸ್ಟೂಲಿನ ಮೇಲೆ ಕೂತರು.

"ಸರಳು ತನ್ನಿ" ಎಂದಳು ಗಂಡನಿಗೆ.

ಅವನು ಅಪ್ಪನ ಮುಖ ನೋಡಿದ.

"ಅಲ್ಲೇನು ನೋಡ್ತೀರಿ? ಗೆರೆ ಇಲ್ಲಿದೆ."