ಹೆಸರು ಅಳಿಸಿದ ಲೈಬ್ರರಿ

"ನಾನು ಸೈನ್ ಹಾಕಲ್ಲ ಸಾರ್," ಎಂದು ಭಾನುಪ್ರಿಯಾ ಪತ್ರವನ್ನು ಮೇಜಿನ ಆಚೆಗೆ ದೂಡಿದಳು.

ಕುವೆಂಪುನಗರದ ಕ್ಲಿನಿಕ್ಕಿನಲ್ಲಿರುವ ಕಿವಿ ಪರೀಕ್ಷೆಯ ಯಂತ್ರವನ್ನು ಹೊಸ ಕಂಪ್ಯೂಟರಿಗೆ ಜೋಡಿಸಲು ಸಾಧ್ಯವಿಲ್ಲ ಎಂದು ಪತ್ರ ಹೇಳುತ್ತಿತ್ತು. ಅವಳು ಸಹಿ ಹಾಕಿದರೆ ಸೋಮವಾರ ಯಂತ್ರ ಗುಜರಿಗೆ ಹೋಗುತ್ತಿತ್ತು. ಹೊಸದು ಬರುವ ತನಕ, ಅಂದರೆ ಕಡಿಮೆಯೆಂದರೂ ಒಂದು ವರ್ಷ, ಅಲ್ಲಿಗೆ ಬರುವ ಮಕ್ಕಳಿಗೆ ಪರೀಕ್ಷೆಯೇ ಇಲ್ಲ.

"ಯಂತ್ರದ ಜೊತೆ ಬಂದಿರೋ ಆ ಲೈಬ್ರರಿ ಫೈಲಲ್ಲಿ ಒಂದು ಹೆಸ್ರಾದ್ರೂ ಇದ್ಯಾ? ಹೆಸ್ರಿಲ್ದೆ ಲಿಂಕ್ ಆಗಲ್ಲ ಅಂತ ಯಂತ್ರ ಮಾಡ್ದೋರೇ ಹೇಳ್ಬುಟ್ಟವ್ರೆ ಕಣಮ್ಮ. ಅವ್ರಿಗಿಂತ ನೀನು ದೊಡ್ಡೋಳಾ?" ಎಂದರು ವಿಶ್ವನಾಥ್. ಜಯಲಕ್ಷ್ಮಿಪುರಂನ ಈ ಪುಟ್ಟ ಸಾಫ್ಟ್‌ವೇರ್ ಕಚೇರಿ ಅವರದು. ಕ್ಲಿನಿಕ್ಕು ಅವರಿಗೆ ವಹಿಸಿದ್ದ ಈ ಜೋಡಣೆಯ ಕೆಲಸ ಅಲ್ಲಿನ ಪ್ರೋಗ್ರಾಮರ್ ಭಾನುಪ್ರಿಯಾಳ ಪಾಲಿಗೆ ಬಂದಿತ್ತು.

"ಹೆಸ್ರಿಲ್ಲ ಅಂದ್ರೆ ಕೆಲ್ಸಾನೂ ಇಲ್ಲ ಅಂತಾನಾ ಸಾರ್?"

ಯಂತ್ರವನ್ನು ನಡೆಸುವ ಕೆಲಸಗಳೆಲ್ಲ ಆ ಫೈಲಿನೊಳಗೇ ಇದ್ದವು. ಹೊಸ ಕಂಪ್ಯೂಟರಿನ ಪ್ರೋಗ್ರಾಮು ಅವನ್ನು ಹೆಸರು ಹಿಡಿದು ಕರೆದರೆ ಮಾತ್ರ ಎರಡೂ ಬೆಸೆದು ಲಿಂಕ್ ಆಗುತ್ತಿದ್ದವು. ತಯಾರಕರು ಹೆಸರುಗಳನ್ನೆಲ್ಲ ಒರೆಸಿ ಕೊಟ್ಟಿದ್ದರು. ಹಳೆಯದು ಕೆಟ್ಟರೆ ಹೊಸದು ಕೊಳ್ಳಲಿ ಎಂಬ ಆ ಧಿಮಾಕು ಕಂಡು ಭಾನುಪ್ರಿಯಾಳಿಗೆ ಮೈಯೆಲ್ಲ ಉರಿದಿತ್ತು.

ಐದು ದಿನ ಅವಳು ಕ್ಲಿನಿಕ್ಕಿನಲ್ಲೇ ಠಿಕಾಣಿ ಹೂಡಿದ್ದಳು. ಫೈಲಿನಲ್ಲಿ ಒಂದೊಂದು ಕೆಲಸ ಶುರುವಾಗುವ ಜಾಗ ಹುಡುಕಿ, ಅದರ ನಂಬರು ಬರೆದುಕೊಂಡು, ಹೆಡ್‌ಫೋನನ್ನು ತನ್ನ ಕಿವಿಗೇ ಹಾಕಿಕೊಂಡು ಕರೆದು ನೋಡಿದಳು. ಒಂದು ಎಡಗಿವಿಗೆ ಸದ್ದು ಕೊಟ್ಟಿತು, ಒಂದು ನಿಲ್ಲಿಸಿತು. ಹನ್ನೊಂದನೆಯದು ಎಂಥಾ ಕೂಗು ಹಾಕಿತೆಂದರೆ ಅರ್ಧ ದಿನ ಕಿವಿ ಗುಂಯ್‌ಗುಟ್ಟಿತು. "ಮೇಜಿನ ಮೇಲಿಟ್ಟು ಕೇಳಬಾರ್ದಾ ತಾಯಿ! ನಿಂಗೇ ಪರೀಕ್ಷೆ ಮಾಡ್ಬೇಕಾಗುತ್ತೆ," ಎಂದು ಪರೀಕ್ಷೆ ಮಾಡುವ ಸರ್ವಮಂಗಳಾ ಗದರಿದರು. ಆ ಹನ್ನೊಂದನೆಯದಕ್ಕೆ ಅವಳು 'ಗಂಟಲಮಾರಿ' ಎಂದು ಹೆಸರಿಟ್ಟಳು. ಉಳಿದವಕ್ಕೂ ತಾನೇ ನಾಮಕರಣ ಮಾಡಿದಳು. ಯಾವ ಹೆಸರಿಗೆ ಯಾವ ಜಾಗ ಎಂದು ತೋರಿಸುವ ಪುಟ್ಟ ಫೈಲೊಂದನ್ನು ಬರೆದು ಲೈಬ್ರರಿಗೂ ಪ್ರೋಗ್ರಾಮಿಗೂ ನಡುವೆ ಸೇರಿಸಿದಳು. ಬೆಳಿಗ್ಗೆಯಷ್ಟೇ ಪ್ರೋಗ್ರಾಮು ತಕರಾರಿಲ್ಲದೆ ಲಿಂಕ್ ಆಗಿತ್ತು.

"ಬನ್ನಿ ಸಾರ್, ನೀವೇ ಕೂತ್ಕೊಂಡು ನೋಡಿ. ಆಗ್ಲಿಲ್ಲ ಅಂದ್ರೆ ಅಲ್ಲೇ ಸೈನ್ ಹಾಕ್ತೀನಿ."

ಪತ್ರವನ್ನು ಜೇಬಿಗೆ ಸೇರಿಸಿಕೊಂಡೇ ವಿಶ್ವನಾಥ್ ಹೊರಟರು. ಕ್ಲಿನಿಕ್ಕಿನ ಸಣ್ಣ ಕೋಣೆಯಲ್ಲಿ ಸರ್ವಮಂಗಳಾ ಅವರ ತಲೆಗೆ ಹೆಡ್‌ಫೋನು ಏರಿಸಿ, "ಸದ್ದು ಕೇಳ್ಸಿದ ಕಡೆ ಕೈ ಎತ್ತಿ ಸಾರ್," ಎಂದರು. ಅವರು ಕೈಕಟ್ಟಿಕೊಂಡು ಕುಳಿತರು.

ಗಾಜಿನ ಈಚೆ ಭಾನುಪ್ರಿಯಾ 'ಬಲಗಿವಿ' ಒತ್ತಿದಳು. ವಿಶ್ವನಾಥ್ ಅಲುಗಲಿಲ್ಲ. ಅವಳು ಬಿಡದೆ ಸದ್ದನ್ನು ಒಂದು ಹೆಜ್ಜೆ ಏರಿಸಿ ಮತ್ತೆ ಒತ್ತಿದಳು.

ಕಟ್ಟಿದ್ದ ಕೈಗಳು ಸಡಿಲವಾದವು. ಗೋಡೆಯನ್ನೇ ನೋಡುತ್ತ, ತರಗತಿಯಲ್ಲಿ ಉತ್ತರ ಗೊತ್ತಿರುವ ಮಗುವಿನ ಹಾಗೆ, ವಿಶ್ವನಾಥ್ ಬಲಗೈಯನ್ನು ನಿಧಾನವಾಗಿ ಮೇಲೆತ್ತಿದರು.