ಮಗಳಿಗೆ ಅಕ್ಕ

“ತಂದೆ ಅನ್ನೋ ಕಡೆ ನಿಮ್ಮಪ್ಪನ ಹೆಸರೇ ಹಾಕ್ಬಿಡಿ ನರ್ಸಮ್ಮ. ಇಲ್ಲಿ ಎಲ್ಲರೂ ಹಾಗೇ ಮಾಡೋದು,” ಎಂದ ಜನನ ನೋಂದಣಿ ಗುಮಾಸ್ತ, ಟೀ ಲೋಟ ಪಕ್ಕಕ್ಕೆ ಸರಿಸುತ್ತ.

ನರ್ಸಮ್ಮನ ಮಗಳ ಅಪ್ಪ ಹೊರದೇಶದವನು. ರಸ್ತೆ ಕೆಲಸಕ್ಕೆ ಬಂದವನು, ಕೆಲಸ ಮುಗಿದೊಡನೆ ಹೇಳದೆ ಕೇಳದೆ ಗಂಟುಮೂಟೆ ಕಟ್ಟಿದ್ದ. ಈ ದೇಶದ ಕಾನೂನಿನಲ್ಲಿ ಮಗು ತಂದೆಯ ದೇಶಕ್ಕೆ ಸೇರಿದ್ದು. ಹೆತ್ತವಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳಾದರೇನು, ಅವಳ ಮೂಗು ಮಗಳಿಗೆ ಬರಬಹುದು, ಮುಂಗೋಪ ಬರಬಹುದು, ಪೌರತ್ವ ಬರುವಂತಿಲ್ಲ. ತಂದೆಯ ಕಾಗದಪತ್ರವಿಲ್ಲದೆ ಜನನ ಪತ್ರ ಸಿಗುವುದಿಲ್ಲ, ಜನನ ಪತ್ರವಿಲ್ಲದೆ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ. ಅಜ್ಜನನ್ನೇ ತಂದೆ ಮಾಡಿದರೆ ಹುಡುಗಿ ಇಲ್ಲಿಯವಳಾಗುತ್ತಾಳೆ.

“ಹಾಗಾದ್ರೆ ತಾಯಿ ಯಾರು?”

“ನಿಮ್ಮಮ್ಮ. ಮನೇಲೇ ಹೆರಿಗೆ ಆಯ್ತು ಅಂತ ನಾನು ಬರ್ಕೋತೀನಿ. ನೀವು ಅಕ್ಕ ಆಗ್ತೀರ, ಅಷ್ಟೆ.”

“ನಮ್ಮಮ್ಮನಿಗೆ ಆಗ ಅರವತ್ತು ದಾಟಿತ್ತು.”

“ಕಾಗದದ ಮೇಲೆ ಹೆರೋದಕ್ಕೆ ವಯಸ್ಸೇನು ಬಿಡಿ.”

ಅವನು ಕೆಟ್ಟವನಲ್ಲ. ಅವನ ಮಕ್ಕಳ ಹೆರಿಗೆ ಮಾಡಿಸಿದವಳು ಇವಳೇ. ಆ ಋಣಕ್ಕೆ ಉಪಾಯ ಹೇಳಿಕೊಡುತ್ತಿದ್ದ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು. ಅವನ ಹಿಂದಿನ ಗೋಡೆಯಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪೋಸ್ಟರು: ಪ್ರತಿ ಮಗುವಿಗೂ ಹೆಸರು, ಪ್ರತಿ ಮಗುವಿಗೂ ದೇಶ. ನಾವೂ ಸಹಿ ಹಾಕಿದ್ದೇವೆ ಎಂದು ಕೆಳಗೆ ಜಂಬದ ಸಾಲು. ಸಹಿ ಹಾಕಿದವರೆಲ್ಲ ಗಂಡಸರೇ ಇರಬೇಕು ಎಂದುಕೊಂಡಳು. ಅವಳ ವಾರ್ಡಿನಲ್ಲಿ ಕೂಸಿನ ಕೈಗೆ ಕಟ್ಟುವ ಪಟ್ಟಿಯ ಮೇಲೆ ತಾಯಿಯ ಹೆಸರೊಂದೇ ಇರುತ್ತದೆ, ಒಂದು ಕೂಸೂ ಅದಲುಬದಲಾಗಿಲ್ಲ. ಆಸ್ಪತ್ರೆಯ ಬಾಗಿಲು ದಾಟಿದ್ದೇ ತಡ, ಆ ಹೆಸರು ಯಾರಿಗೂ ಬೇಡ.

“ಸೋಮವಾರ ಶಾಲೆ ಶುರುವಾಗುತ್ತಮ್ಮ,” ಎಂದರು ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನ ಅಪ್ಪ, ನೆಲ ನೋಡುತ್ತ. ಅವರ ಸಹಿಯಾಯಿತು. ಸಾಕ್ಷಿಯ ಜಾಗದಲ್ಲಿ, ಅಕ್ಕ ಎಂದು ಬರೆದ ಕಡೆ, ಅವಳದೂ ಆಯಿತು.

ಗುಮಾಸ್ತ ಕಿಟಕಿಯಿಂದ, ಅಮ್ಮನ ಸೆರಗು ಹಿಡಿದು ನಿಂತಿದ್ದ ಹುಡುಗಿಯತ್ತ ಬಗ್ಗಿದ. “ಟೀಚರ್ ಕೇಳಿದ್ರೆ ಇವರು ಯಾರು ಅಂತೀಯ ಪುಟ್ಟಿ?”

ಹುಡುಗಿ ಅಮ್ಮನ ಮುಖ ನೋಡಿದಳು. ಅಜ್ಜನ ಮುಖ ನೋಡಿದಳು.

“ಅಕ್ಕ.”

“ಜಾಣೆ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ, ಮೊಹರು ಹಾಕಿಸಿಡ್ತೀನಿ.”

ಹೊರಗಿನ ಮೆಟ್ಟಿಲ ಮೇಲೆ ಹುಡುಗಿಯ ಚಪ್ಪಲಿಯ ಬಾರು ಬಿಚ್ಚಿಕೊಂಡಿತು. “ಅಮ್ಮಾ,” ಎಂದು ಕಾಲು ಚಾಚಿದವಳು ತಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕಚೇರಿಯ ಬಾಗಿಲತ್ತ ನೋಡಿದಳು.

ನರ್ಸಮ್ಮ ಕುಕ್ಕರಗಾಲಲ್ಲಿ ಕೂತು ಬಾರು ಬಿಗಿದಳು. ಆಮೇಲೆ ಬಾಯಿಯ ಮೇಲಿದ್ದ ಆ ಕೈಯನ್ನು ಕೆಳಗಿಳಿಸಿದಳು.

“ಅಪ್ಪ, ಆ ಕಾಗದಕ್ಕೆ ಮೊಹರು ಬೀಳೋದು ಬೇಡ. ನನ್ನ ಹೆಸರಲ್ಲೇ ಬರೀಲಿ. ಆಗಲ್ಲ ಅಂದ್ರೆ ಯಾರನ್ನ ಕೇಳ್ಬೇಕೋ ಅವರನ್ನ ಕೇಳ್ತೀನಿ.”

“ಹುಚ್ಚಿ, ಅಲ್ಲಿ ತನಕ ಶಾಲೆ ಕಾಯುತ್ತಾ? ಎಲ್ಲರೂ ಹೋಗೋವಾಗ ಇದು ಅಳುತ್ತೆ ಕಣೆ.”

“ಅಳಲಿ. ಅಮ್ಮ ಅಂತ್ಲೇ ಅಳಲಿ.”

ಕಿಟಕಿಯ ಮುಂದಿನ ಸಾಲು ಅಷ್ಟರಲ್ಲಿ ಬಾಗಿಲಿನಾಚೆಗೂ ಬೆಳೆದಿತ್ತು. ಅವಳು ಮಗಳ ಕೈ ಹಿಡಿದು ಕೊನೆಯಲ್ಲಿ ಹೋಗಿ ನಿಂತಳು.