ಎರಡು ಕುಂಡ, ಒಂದೇ ಹೆಸರು

ಮಾನ್ವಿಯಲ್ಲಿ ಶಿಕ್ಷಕರ ತರಬೇತಿ ನಡೆಯುತ್ತಿದ್ದಾಗ ಸವಿತಾಳ ಫೋನು ಎರಡು ಸಲ ನಡುಗಿತು. ಅತ್ತೆ ಮೂಕಮ್ಮ ಹಗಲಲ್ಲಿ ಸುಮ್ಮನೆ ಫೋನ್ ಮಾಡುವವಳಲ್ಲ. ಸವಿತಾ ಹೊರಗೆ ಬಂದಳು.

"ನಿಮ್ಮ ಮಾವ ಕಣ್ಣು ಬಿಡವಲ್ರು. ಉರಿ ಅಂತ ಒದ್ದಾಡಾಕತ್ತಾರ," ಎಂದಳು ಮೂಕಮ್ಮ, ದೇವದುರ್ಗದ ಮನೆಯಿಂದ.

"ಏನಾತು ಅತ್ತಿ?"

"ಧೂಳು ಬಿದ್ದಿರಬೇಕು."

ಹಿಂದಿನಿಂದ ಮಾವ ಹುಲಿಗೆಪ್ಪ ಓಕರಿಸುವ ಸದ್ದು ಕೇಳಿಸಿತು. ಧೂಳಿಗೆ ಯಾರೂ ಓಕರಿಸುವುದಿಲ್ಲ. ಬೆಟ್ಟದ ಕಳ್ಳಿ ತಿಂದರೆ ಸಕ್ಕರೆ ಕಾಯಿಲೆ ಇಳಿಯುತ್ತದೆಂದು ಹೋಟೆಲಿನಲ್ಲಿ ಯಾರೋ ಹೇಳಿದ್ದನ್ನು ಹೋದ ವಾರವಷ್ಟೇ ಮಾವ ಅವಳ ಮುಂದೆ ಪ್ರಸ್ತಾಪಿಸಿದ್ದರು. ಅವಳು ನಕ್ಕು ಮಾತು ಮರೆಸಿದ್ದಳು.

ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಾಳಿಗೆಯ ಮೇಲೆ ಹಸಿರು ಪರದೆ ಕಟ್ಟಿ ಎರಡು ಕುಂಡ ಇಟ್ಟಿದ್ದಳು. ರಾಯಚೂರಿನ ಗಿಡದಂಗಡಿಯವನು ಎರಡೂ ಬೆಟ್ಟದ ಕಳ್ಳಿ ಎಂದು ಹೇಳಿ ಮಾರಿದ್ದ. ಎರಡೂ ನಿಂಬೆಹಣ್ಣಿನಷ್ಟೇ ದುಂಡು. ಮರಳು, ಸಣ್ಣ ಜಲ್ಲಿ ಬೆರೆಸಿ ನೆಟ್ಟು, ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರು ಹಾಕಿ, ಬೇಸಿಗೆಯಲ್ಲಿ ಮೆಟ್ಟಿಲಿನ ನೆರಳಿಗೆ ಎಳೆದು ಬೆಳೆಸಿದ್ದಳು. ಒಂದು ಗಿಡ ಗುಲಾಬಿ ಬಣ್ಣದ ಹೂ ಬಿಟ್ಟಿತು. ಇನ್ನೊಂದು ಬಿಡಲೇ ಇಲ್ಲ. ಹೂ ಬಿಟ್ಟದ್ದರಲ್ಲಿ ಪ್ರತಿ ಮುಳ್ಳೂ ಹತ್ತಿಯಂಥ ಸಣ್ಣ ಮೆತ್ತೆಯಿಂದ ಹುಟ್ಟಿತ್ತು. ಇನ್ನೊಂದರಲ್ಲಿ ಆ ಮೆತ್ತೆ ಇರಲಿಲ್ಲ. ಅದು ಬೇರೆ ಜಾತಿಯಿರಬಹುದೆಂದು ಅವಳಿಗೆ ಅನುಮಾನ ಬಂದಿತ್ತು. ಸೂಜಿ ಚುಚ್ಚಿದ್ದರೆ ಸಾಕಿತ್ತು: ನಿಜವಾದ ಬೆಟ್ಟದ ಕಳ್ಳಿಯಾದರೆ ನೀರು ಒಸರುತ್ತದೆ, ವಿಷದ ಜಾತಿಯಾದರೆ ಹಾಲು. ಆದರೆ ಬೆಳೆಸಿದ ಗಿಡಕ್ಕೆ ಗಾಯ ಮಾಡಲು ಮನಸ್ಸಾಗದೆ, ಎರಡೂ ಕುಂಡಕ್ಕೆ 'ಬೆಟ್ಟದ ಕಳ್ಳಿ' ಎಂದೇ ಚೀಟಿ ಬರೆದು ಅಂಟಿಸಿದ್ದಳು.

"ಅತ್ತಿ, ಮಾಳಿಗಿ ಮ್ಯಾಲಿನ ಗಿಡ ತಿಂದಾರೇನು? ಖರೇ ಹೇಳ್ರಿ."

"ನೀರು ಕೇಳಾಕತ್ತಾರ," ಎಂದು ಮೂಕಮ್ಮ ಮಾತು ತಪ್ಪಿಸಿದಳು.

"ನಾ ಬೈಯಾಂಗಿಲ್ಲ. ಯಾವ ಕುಂಡದ್ದು?"

"ಹೂ ಬಿಡದ್ದು," ಎಂದಳು ಮೂಕಮ್ಮ. "ಹೂವಿಂದು ನಿನಗ ಪ್ರೀತಿ ಅಂತ ಅದನ್ನ ಮುಟ್ಟಲಿಲ್ಲ. ನಾನಽ ಕೊಯ್ದುಕೊಟ್ಟೆ. ಒಂದು ಚೂರು ಬಾಯಿಗೆ ಹಾಕ್ಕೊಂಡು ಉಗುಳಿದ್ರು. ಆಮ್ಯಾಲೆ ಅದೇ ಕೈಲೆ ಕಣ್ಣು ಒರಸಿಕೊಂಡ್ರು."

"ಕೊಯ್ದಲ್ಲಿ ಹಾಲು ಬಂತೇನು?"

"ಬೆಳ್ಳಗ ಸೋರಿತು."

"ನಳದ ಕೆಳಗ ತಲಿ ಹಿಡೀರಿ. ಕಣ್ಣು ಅಗಲ ಮಾಡಿ ನೀರು ಬಿಡ್ರಿ. ಇಪ್ಪತ್ತು ನಿಮಿಷ ನಿಲ್ಲಿಸಬ್ಯಾಡ್ರಿ."

"ಹರಳೆಣ್ಣಿ ಬಿಟ್ರ ತಂಪಾಗತದ. ಬಟ್ಟಲಾಗ ತಗೊಂಡೀನಿ."

"ಎಣ್ಣಿ ಬ್ಯಾಡ್ರಿ, ಅತ್ತಿ. ನಿಮ್ಮ ಕಾಲು ಹಿಡೀತೀನಿ, ಬರೇ ನೀರು. ವಾಂತಿನೂ ಬೇಕಂತ ಮಾಡಿಸಬ್ಯಾಡ್ರಿ. ಬಾಯಿ ಮುಕ್ಕಳಿಸಲಿ. ಪಕ್ಕದ ಅಂಬರೀಶಣ್ಣನ ಜೀಪಿನಾಗ ರಾಯಚೂರಿನ ಕಣ್ಣಿನ ದವಾಖಾನಿಗೆ ಬರ್ರಿ. ಆ ಕುಂಡಾನೂ ತರ್ರಿ."

ಬಟ್ಟಲು ಕೆಳಗಿಟ್ಟ ಸದ್ದು ಬಂತೋ ಇಲ್ಲವೋ, ಸವಿತಾಳಿಗೆ ತಿಳಿಯಲಿಲ್ಲ. ಫೋನು ಕಟ್ಟಾಯಿತು.

ರಾಯಚೂರಿನ ಬಸ್ಸಿನಲ್ಲಿ ನಿಂತುಕೊಂಡೇ ಮೂರು ಸಲ ಫೋನ್ ಹಚ್ಚಿದಳು. ಯಾರೂ ಎತ್ತಲಿಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳು ಮುಗಿಯುತ್ತಲೇ ಇರಲಿಲ್ಲ. ಅತ್ತೆ ತನ್ನ ಮಾತು ಕೇಳಿದಳೋ, ಎಣ್ಣೆಯನ್ನೇ ಬಿಟ್ಟಳೋ? ಆರು ವರ್ಷದಲ್ಲಿ ಅಡುಗೆಮನೆಯಲ್ಲಿ ಕೂಡ ಸೊಸೆಯ ಒಂದು ಮಾತು ನಡೆದದ್ದಿಲ್ಲ. ಇವತ್ತು ನಡೆಯುತ್ತದೆಂದು ನಂಬುವುದು ಹೇಗೆ?

ದವಾಖಾನೆಯ ಬೆಂಚಿನ ಮೇಲೆ ಮೂಕಮ್ಮ ಕುಳಿತಿದ್ದಳು. ಸೀರೆ ಎದೆಯಿಂದ ಪಾದದವರೆಗೆ ತೊಯ್ದಿತ್ತು. ಕಾಲ ಬಳಿ ಪ್ಲಾಸ್ಟಿಕ್ ಚೀಲದಲ್ಲಿ ಕುಂಡ. ಸವಿತಾ ಆ ತೊಯ್ದ ಸೀರೆ ನೋಡಿ ಉಸಿರು ಬಿಟ್ಟಳು.

ಡಾಕ್ಟರು ಚೀಲ ಬಿಚ್ಚಿ, ಕೊಯ್ದ ಗಿಡವನ್ನು ಕಡ್ಡಿಯಿಂದ ಒತ್ತಿದರು. ಬೆಳ್ಳನೆಯ ಹನಿ ಮೂಡಿತು. ಅವರು ಚೀಟಿ ಓದಿದರು.

"ಈ ಹೆಸರು ಯಾರು ಬರೆದಿದ್ದು?"

"ನಾನೇ," ಎಂದಳು ಸವಿತಾ. "ಅನುಮಾನ ಇತ್ತು. ನೋಡಲಿಲ್ಲ."

ಡಾಕ್ಟರು ಕುಂಡವನ್ನು ಪಕ್ಕಕ್ಕೆ ಸರಿಸಿದರು. ಎಡಗಣ್ಣಿಗೆ ಭಯವಿಲ್ಲ ಎಂದರು. ಬಲಗಣ್ಣಿನ ಮೇಲ್ಪದರ ಸುಟ್ಟಿತ್ತು. ಪಟ್ಟಿ ಕಟ್ಟಿದ್ದರು, ಬಿಚ್ಚಿದ ಮೇಲೆಯೇ ಹೇಳಬೇಕು. "ನೀರು ಹಾಕಿದವರು ಯಾರು? ಅಷ್ಟು ಮಾಡದಿದ್ದರೆ ಎರಡೂ ಹೋಗುತ್ತಿದ್ದವು."

ಹೊರಗೆ ಬಂದಾಗ ಮೂಕಮ್ಮ ಸೊಸೆಯ ಮೊಣಕೈ ಹಿಡಿದಳು. ಅವಳ ಮಗ, ಸವಿತಾಳ ಗಂಡ ಆಂಜನೇಯ ಬಸ್ಸಿನ ಕಂಡಕ್ಟರು; ಸಂಜೆ ಡ್ಯೂಟಿ ಇಳಿದು ನೇರ ಇಲ್ಲಿಗೇ ಬರುವವನಿದ್ದ.

"ನಾ ಕೊಯ್ದುಕೊಟ್ಟೆ ಅಂತ ಅವನಿಗೆ ಹೇಳಬ್ಯಾಡ. ಜೀವ ಇರೋತನಕ ಆಡಿ ತೋರಿಸ್ತಾನ."

"ಹೇಳದಿದ್ರ ನಾಳೆ ಬ್ಯಾರೆಯವರ ಬಾಯಿಂದ ಕೇಳ್ತಾನ್ರಿ. ಮೊದಲು ನಾ ತಪ್ಪು ಹೆಸರು ಬರೆದಿದ್ದು ಹೇಳ್ತೀನಿ. ಆಮ್ಯಾಲೆ ನಿಮ್ಮದು ನೀವು ಹೇಳ್ರಿ. ನಾ ಬಾಜೂಕಽ ಇರ್ತೀನಿ."

ಆಂಜನೇಯ ಬಂದ. ಇಬ್ಬರೂ ಹೇಳಿದರು. ಅವನು ಇಬ್ಬರನ್ನೂ ಬೈಯಲಿಲ್ಲ. ಆ ರಾತ್ರಿ ಯಾರೊಂದಿಗೂ ಮಾತಾಡಲೂ ಇಲ್ಲ. ಅದೇ ಅವರಿಗೆ ಹೆಚ್ಚು ಕಷ್ಟವಾಯಿತು.

ನಾಲ್ಕನೆಯ ದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಎಡಗಣ್ಣು ಮುಚ್ಚಿಸಿ ಎದುರು ಯಾರಿದ್ದಾರೆಂದು ಕೇಳಿದರು. ಹುಲಿಗೆಪ್ಪ ಬಹಳ ಹೊತ್ತು ನೋಡಿದರು.

"ಮಬ್ಬು ಅದರಿ," ಎಂದರು. "ಹೆಣ್ಮಕ್ಕಳು ಇಬ್ಬರು ನಿಂತಾರ. ಒಬ್ಬಾಕಿ ಅಳಾಕತ್ತಾಳ."

ಮಬ್ಬು ದಿನ ಕಳೆದಂತೆ ಇಳಿಯುತ್ತದೆ ಎಂದರು ಡಾಕ್ಟರು. ಮೂಕಮ್ಮ ನಿಂತಲ್ಲೇ ನೆಲಕ್ಕೆ ಕುಳಿತಳು. ಸವಿತಾ ಅವಳ ಪಕ್ಕ ಕುಳಿತು, ತನ್ನ ಸೆರಗಿನಿಂದಲೇ ಅತ್ತೆಯ ಮುಖ ಒರೆಸಿದಳು.